ಎಂಟನೇ ಕ್ಲಾಸಿನ ಆ ಪರೀಕ್ಷೆ ಕಟ್ಟಿಸೋದಾ, ಬೇಡವಾ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಮಗಳು ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಎನ್‌ಎಂಎಂಎಸ್ ಪರೀಕ್ಷೆ ಕಟ್ಟಿಸಿ ಅಂತ ಮೇಷ್ಟ್ರು ಹೇಳುತ್ತಿದ್ದಾರೆ. ಎಂಟನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯನ್ನು ಕೋರ್ಟು ನಿಲ್ಲಿಸಿತು ಅಂತ ಹಿಂದೆ ಟಿವಿಯಲ್ಲಿ ನೋಡಿದ್ದೆವು. ಇದು ಅದೇನಾ? ಪಾಸಾಗದಿದ್ದರೆ ಅದೇ ಕ್ಲಾಸಿನಲ್ಲಿ ಕೂರಿಸುತ್ತಾರಾ? ಮಂಡ್ಯದಲ್ಲಿ ಕೋಚಿಂಗಿಗೆ ಆರು ಸಾವಿರ ಕೇಳುತ್ತಾರೆ, ಕೊಡೋದಾ?

ಉತ್ತರ: ಕೂರಿಸುವುದಿಲ್ಲ ತಾಯಿ. ನೀವು ಟಿವಿಯಲ್ಲಿ ನೋಡಿದ್ದು ಬೇರೆ. 2024ರ ಮಾರ್ಚ್ 11ಕ್ಕೆ 5, 8, 9ನೇ ತರಗತಿಗಳ ಬೋರ್ಡ್ ಪರೀಕ್ಷೆ ಶುರುವಾಯಿತು. ಮಾರನೇ ದಿನವೇ ಸುಪ್ರೀಂ ಕೋರ್ಟ್ ತಡೆಯಿತು. ಹೈಕೋರ್ಟ್ ಒಪ್ಪಿದ ಮೇಲೆ 25ರಿಂದ ಉಳಿದದ್ದನ್ನು ಬರೆಸಿದರು. ಏಪ್ರಿಲ್‌ನಲ್ಲಿ ಫಲಿತಾಂಶಕ್ಕೂ ತಡೆ ಬಿತ್ತು. ದೊಡ್ಡವರ ಜಗಳದಲ್ಲಿ ಮಕ್ಕಳು ಎರಡು ಸಲ ಓದಿಕೊಂಡರು, ಅಷ್ಟೇ.

ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಮಾತ್ರ. ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000, ಮಗುವಿನ ಖಾತೆಗೇ ಬೀಳುತ್ತದೆ. ಆಗದಿದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು, ಏಳನೇ ತರಗತಿಯಲ್ಲಿ ಶೇ 55 ಬಂದಿರಬೇಕು (ಪರಿಶಿಷ್ಟರಿಗೆ ಶೇ 50). ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ.

ಪತ್ರಿಕೆ ಎರಡು, ತಲಾ 90 ಪ್ರಶ್ನೆ, ತಲಾ ಒಂದೂವರೆ ಗಂಟೆ. ಒಂದರಲ್ಲಿ ವಿಜ್ಞಾನ 35, ಸಮಾಜ 35, ಗಣಿತ 20, ಇದು ಪಠ್ಯಪುಸ್ತಕದ್ದೇ. ಮಕ್ಕಳು ತಬ್ಬಿಬ್ಬಾಗುವುದು ಇನ್ನೊಂದರಲ್ಲಿ. 3, 8, 15, 24, 35 ಆದ ಮೇಲೆ ಯಾವುದು ಅಂತ ಕೇಳಿರುತ್ತಾರೆ. ಪಾಠ ಬಾಯಿಪಾಠ ಮಾಡಿದ ಹುಡುಗಿ ಪುಸ್ತಕದಲ್ಲಿ ಇದು ಎಲ್ಲಿತ್ತು ಅಂತ ನೆನೆಯುತ್ತಾ ಕೂರುತ್ತಾಳೆ. ಎಲ್ಲೂ ಇರಲಿಲ್ಲ. ಪಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರ ಬರೆದುಕೊಂಡರೆ 5, 7, 9, 11 ಸಿಗುತ್ತದೆ. ಮುಂದಿನದು 13, ಹಾಗಾಗಿ ಉತ್ತರ 48. ಒಂದು ಸಲ ತೋರಿಸಿದರೆ ಆಟದ ಹಾಗೆ ಹಿಡಿದುಬಿಡುತ್ತಾರೆ. ಕನ್ನಡಿಯಲ್ಲಿ ಕಾಣುವ ಚಿತ್ರ, ಗುಂಪಿಗೆ ಸೇರದ ಪದ, ಅಕ್ಷರದ ಗುಟ್ಟು, ಎಲ್ಲವೂ ಇದೇ ಜಾತಿಯವು.

ಇದಕ್ಕೆ ಆರು ಸಾವಿರ ಕೊಡಬೇಡಿ. ಹಳೆಯ ಪ್ರಶ್ನೆಪತ್ರಿಕೆ ಮೇಷ್ಟ್ರ ಹತ್ತಿರ ಇರುತ್ತದೆ, ಜೆರಾಕ್ಸ್ ಮಾಡಿಸಿಕೊಂಡು ದಿನಕ್ಕೆ ಇಪ್ಪತ್ತು ಪ್ರಶ್ನೆ ಬಿಡಿಸಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು.

ನನಗೆ ಹೆದರಿಕೆ ಇರುವುದು ಓಎಂಆರ್ ಹಾಳೆಯದ್ದು, ಅಂದರೆ ಉತ್ತರದ ಸುತ್ತನ್ನು ಪೆನ್ನಿನಲ್ಲಿ ತುಂಬುವ ಹಾಳೆ. ನಾನು ಮೇಷ್ಟ್ರಾಗಿದ್ದಾಗ ಒಬ್ಬ ಹುಡುಗ, ಲೆಕ್ಕದಲ್ಲಿ ಹುಲಿ, 23ನೇ ಪ್ರಶ್ನೆಯನ್ನು ಆಮೇಲೆ ನೋಡೋಣ ಅಂತ ಬಿಟ್ಟ. ಹಾಳೆಯಲ್ಲಿ ಆ ಸಾಲು ಬಿಡುವುದನ್ನು ಮರೆತ. 24ರ ಉತ್ತರ 23ಕ್ಕೆ, 25ರದ್ದು 24ಕ್ಕೆ, ಹೀಗೇ ಕೊನೆವರೆಗೂ ಒಂದೊಂದು ಮೇಲಕ್ಕೆ ಜರುಗಿಬಿಟ್ಟವು. ಕೊನೆಗೆ ಒಂದು ಸಾಲು ಖಾಲಿ ಉಳಿದಾಗ ಅವನಿಗೆ ಗೊತ್ತಾಯಿತು. ಪೆನ್ನಿನಲ್ಲಿ ತುಂಬಿದ್ದು, ಅಳಿಸುವ ಹಾಗಿಲ್ಲ. ಅದಕ್ಕೇ ಮನೆಯಲ್ಲಿ ಹಾಳೆಯ ಮೇಲೆ 90 ಸಾಲು, ಸಾಲಿಗೆ ನಾಲ್ಕು ಸುತ್ತು ಬರೆದು, ಗಡಿಯಾರ ಇಟ್ಟು ತುಂಬಿಸಿ. ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವ ಅಭ್ಯಾಸವಾಗಲಿ.

ಎರಡೂ ಪತ್ರಿಕೆ ಸೇರಿ ಶೇ 40, ಅಂದರೆ 180ಕ್ಕೆ 72 (ಪರಿಶಿಷ್ಟರಿಗೆ ಶೇ 32) ಬಂದರೆ ಅರ್ಹತೆ. ಅರ್ಹತೆ ಬಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ, ಮೆರಿಟ್ ಪಟ್ಟಿಯಲ್ಲಿ ಹೆಸರಿರಬೇಕು. ಆಯ್ಕೆಯಾದ ಮೇಲೆ ಖಾಸಗಿ ಶಾಲೆಗೋ ವಸತಿ ಶಾಲೆಗೋ ಸೇರಿಸಿದರೆ ಕೈತಪ್ಪುತ್ತದೆ. ಪ್ರತಿ ವರ್ಷ ಆನ್‌ಲೈನ್‌ನಲ್ಲಿ ನವೀಕರಿಸಬೇಕು, ಆಧಾರ್‌ನಲ್ಲೂ ಪಾಸ್‌ಬುಕ್‌ನಲ್ಲೂ ಹೆಸರು ಒಂದೇ ಥರ ಇರಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಓಡಾಟ ತಪ್ಪಿದ್ದಲ್ಲ.

ಪ್ರಶ್ನೆ: ನಾನು ನಂಜನಗೂಡು ಕಡೆಯ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. 2024ರ ಡಿಸೆಂಬರ್‌ನಲ್ಲಿ ನಮ್ಮ ಮೂರನೇ ಕ್ಲಾಸಿನ ಮಕ್ಕಳಿಗೆ ದೆಹಲಿಯಿಂದ ಬಂದ ಪರೀಕ್ಷೆ ಕೊಟ್ಟರು. ಯಾರಿಗೆ ಎಷ್ಟು ಬಂತು ಅಂತ ಕೇಳಿದರೆ ಹೆಡ್‌ಮಾಸ್ಟರು ಗೊತ್ತಿಲ್ಲ ಅಂತಾರೆ. ಮುಚ್ಚಿಡುತ್ತಿದ್ದಾರಾ?

ಉತ್ತರ: ಇಲ್ಲ, ಅವರಿಗೂ ಗೊತ್ತಿರುವುದಿಲ್ಲ. ಅದು ಡಿಸೆಂಬರ್ 4ರಂದು ದೇಶದಾದ್ಯಂತ 3, 6, 9ನೇ ತರಗತಿಗಳಿಗೆ ನಡೆದ ಪರಖ್ ಸಮೀಕ್ಷೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಹಾಗೆ ಕೆಲವು ಶಾಲೆಗಳನ್ನು ಆರಿಸಿ ನೋಡಿದ್ದು. ವರದಿ ಬರುವುದು ಜಿಲ್ಲೆಯ ಲೆಕ್ಕದಲ್ಲಿ, ಮಗುವಿನ ಲೆಕ್ಕದಲ್ಲಿ ಅಲ್ಲ. ಅಗುಳಿಗೆ ಯಾರೂ ಮಾರ್ಕ್ಸ್‌ಕಾರ್ಡ್ ಕೊಡುವುದಿಲ್ಲ.

ನಿಮ್ಮ ಶಾಲೆಯ ಸ್ಥಿತಿ ತಿಳಿಯಬೇಕಾದರೆ ಮುಂದಿನ ಸಭೆಯ ದಿನ ಅರ್ಧ ಗಂಟೆ ಮೊದಲೇ ಹೋಗಿ. ಹೆಡ್‌ಮಾಸ್ಟರಿಗೆ ಹೇಳಿ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮಕ್ಕಳ ಕೈಗೆ ಅವತ್ತಿನ ಪೇಪರ್ ಕೊಟ್ಟು ನಾಲ್ಕು ಸಾಲು ಓದಿಸಿ. ಪಠ್ಯಪುಸ್ತಕ ಬೇಡ, ಅದು ಅವರಿಗೆ ಕಣ್ಣು ಮುಚ್ಚಿಕೊಂಡರೂ ಬರುತ್ತದೆ.