ನನ್ನ ಹಳೆಯ ಹೋಮ್ ಕಂಪ್ಯೂಟರ್ ಕಮೊಡೋರ್ 64ರಲ್ಲಿ ಮೆಮೊರಿ ಕಡಿಮೆ ತೋರಿಸುತ್ತಿದೆ, ಎಂಟೂ ಮೆಮೊರಿ ಚಿಪ್ ಕಿತ್ತು ಹೊಸದು ಹಾಕಲಾ?

ದಯವಿಟ್ಟು ಬೇಡ. ಎಂಟರಲ್ಲಿ ಏಳು ಚೆನ್ನಾಗಿಯೇ ಇರಬಹುದು. ಕೆಟ್ಟಿರುವುದು ಯಾವುದು ಅಂತ ನಿಮ್ಮ ಮೆಷೀನೇ ಅರ್ಧ ಹೇಳಿಬಿಟ್ಟಿದೆ.

ಆನ್ ಮಾಡಿದಾಗ 38911 ಬೈಟ್ ಖಾಲಿ ಇದೆ ಅಂತ ಬರಬೇಕು, ನಿಮಗೆ 26474 ಅಂತ ಬರುತ್ತಿದೆ ಅಂದಿರಿ. ಆ ಸಂಖ್ಯೆ ಸುಮ್ನೆ ಬಂದದ್ದಲ್ಲ. ಪವರ್ ಕೊಟ್ಟ ಕೂಡಲೇ ರೋಮ್ (ಅಳಿಸಲಾಗದ ಮೆಮೊರಿ) ಒಳಗಿರುವ ಪುಟ್ಟ ಪ್ರೋಗ್ರಾಂ 1024ನೇ ವಿಳಾಸದಿಂದ ಮೇಲಕ್ಕೆ ಹೋಗುತ್ತಾ, ಒಂದೊಂದು ಬೈಟ್‌ನಲ್ಲೂ 85 ಮತ್ತು 170 ಬರೆದು ಓದಿ ನೋಡುತ್ತದೆ. ಎರಡನ್ನೂ ಬೈನರಿಯಲ್ಲಿ ಬರೆದರೆ ಸೊನ್ನೆ, ಒಂದು ಅದಲು ಬದಲಾಗಿ ಬರುತ್ತವೆ. ಬರೆದದ್ದು ವಾಪಸ್ ಬರದಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಮೆಮೊರಿ ಇಷ್ಟೇ ಅಂತ ಮೆಷೀನ್ ತೀರ್ಮಾನಿಸುತ್ತದೆ. ಬೇಸಿಕ್ (ಮೆಷೀನ್ ಜೊತೆಗೇ ಬರುವ ಪ್ರೋಗ್ರಾಮಿಂಗ್ ಭಾಷೆ) ಬಳಸುವ ಜಾಗ ಶುರುವಾಗುವುದು 2049ರಿಂದ. ಅದಕ್ಕೆ 26474 ಸೇರಿಸಿ: 28523. ಎಡವಿದ ಜಾಗ ಅದೇ.

ಇನ್ನು ಯಾವ ಚಿಪ್ ಅಂತ ಹುಡುಕುವುದು. ಆದರೆ ಅದಕ್ಕೂ ಮೊದಲು ಒಂದು ಕೆಲಸವಿದೆ: ಪವರ್ ಅಡಾಪ್ಟರ್ ಪರೀಕ್ಷಿಸದೆ ಆ ಮೆಷೀನನ್ನು ಮತ್ತೆ ಆನ್ ಮಾಡಬೇಡಿ. ನಲವತ್ತು ವರ್ಷ ಹಳೆಯ ಅಡಾಪ್ಟರ್ ಕೆಡುವಾಗ ಪೂರ್ತಿ ಸತ್ತುಹೋದರೆ ಅದೃಷ್ಟ. ಒಳಗಿನ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಇರಬೇಕಾದದ್ದು ಮೇಲೇರುತ್ತದೆ, ಅದನ್ನು ತಡೆಯಲಾರದೆ ಮೊದಲು ಹೋಗುವುದು ಸಾಮಾನ್ಯವಾಗಿ ಮೆಮೊರಿ ಚಿಪ್‌ಗಳೇ. ಪ್ಲಗ್‌ನ 2 ಮತ್ತು 5ನೇ ಪಿನ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. 5.25ಕ್ಕಿಂತ ಜಾಸ್ತಿ ತೋರಿಸಿದರೆ ಆ ಅಡಾಪ್ಟರನ್ನು ಮರೆತುಬಿಡಿ, ಹೊಸದು ತನ್ನಿ. ಇಲ್ಲದಿದ್ದರೆ ಇವತ್ತು ಹಾಕಿದ ಚಿಪ್ ಮುಂದಿನ ವಾರ ಮತ್ತೆ ಹೋಗುತ್ತದೆ. ಈಗ ಸರಿ ತೋರಿಸಿದರೂ, ಅಂಟು ತುಂಬಿ ಮುಚ್ಚಿರುವ ಹಳೆಯ ಅಡಾಪ್ಟರನ್ನು ನಾನಂತೂ ನಂಬುವುದಿಲ್ಲ.

ಪವರ್ ಸರಿ ಇದೆ ಅಂದುಕೊಳ್ಳೋಣ. ಬೇಸಿಕ್ ಪರದೆ ಬರುತ್ತಿದೆಯಲ್ಲ, ಅಷ್ಟು ಸಾಕು. ಆ ವಿಳಾಸದಲ್ಲಿ 255 ಬರೆಯಲು ಪೋಕ್ 28523,255 ಅಂತ ಕೊಟ್ಟು, ಆಮೇಲೆ ಅದನ್ನು ಓದಲು ಪ್ರಿಂಟ್ ಪೀಕ್(28523) ಅಂತ ಕೊಡಿ. 255 ಬರಬೇಕು. 239 ಬಂತು ಅನ್ನಿ. 16 ಕಡಿಮೆಯಾಯಿತು, ಅಲ್ವಾ? ಒಂದು ಬೈಟ್‌ನಲ್ಲಿ ಎಂಟು ಬಿಟ್, ಅಂದರೆ ಸೊನ್ನೆ ಅಥವಾ ಒಂದರ ಅಂಕಿ; ಅವುಗಳ ಬೆಲೆ 1, 2, 4 ಹೀಗೆ 128ರವರೆಗೆ. ಇಲ್ಲಿ 16ರ ಬೆಲೆಯ ಬಿಟ್ 1 ಆಗುತ್ತಲೇ ಇಲ್ಲ. 255 ಸರಿಯಾಗಿ ಬಂದರೆ 0 ಪೋಕ್ ಮಾಡಿ ನೋಡಿ. ಆಗ ಸೊನ್ನೆಯ ಬದಲು 16 ಬಂದರೆ ಅದೇ ಬಿಟ್ 1ರಲ್ಲೇ ಸಿಕ್ಕಿಕೊಂಡಿದೆ. ಎರಡೂ ಸರಿ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪೀಕ್ ಮಾಡಿ. ಈ ಚಿಪ್‌ಗಳಲ್ಲಿ ಪ್ರತಿ ಬಿಟ್ ಒಂದು ಪುಟಾಣಿ ಕೆಪಾಸಿಟರ್‌ನಲ್ಲಿ ಕೂತ ವಿದ್ಯುತ್ ಅಷ್ಟೇ. ಅದು ತಾನಾಗಿಯೇ ಸೋರುತ್ತಿರುತ್ತದೆ, ಆರುವ ಮೊದಲು ವೀಡಿಯೊ ಚಿಪ್ ಮತ್ತೆ ಮತ್ತೆ ತುಂಬಿಸುತ್ತಿರುತ್ತದೆ. ಬೇಗ ಸೋರುವ ಕೋಶ ಇದ್ದರೆ, ಬರೆದ ತಕ್ಷಣ ಸರಿಯಿದ್ದದ್ದು ಆಮೇಲೆ ತಪ್ಪಾಗುತ್ತದೆ.

ಈ ಬೋರ್ಡ್‌ನ ಒಂದು ಒಳ್ಳೆಯ ಗುಣ ಅಂದರೆ ಒಂದು ಚಿಪ್‌ಗೆ ಪ್ರತಿ ಬೈಟ್‌ನ ಒಂದೇ ಬಿಟ್. ಎಂಟು 4164 ಚಿಪ್, ಒಂದೊಂದರಲ್ಲೂ 65536 ಬಿಟ್. ಎಂಟೂ ಸೇರಿದರೆ ಒಂದು ಬೈಟ್. ಹಾಗಾಗಿ ತಪ್ಪಿದ ಸಂಖ್ಯೆಯೇ ಚಿಪ್‌ನ ವಿಳಾಸ. 1 ತಪ್ಪಿದರೆ ಯು21, 2 ಆದರೆ ಯು9, 4 ಯು22, 8 ಯು10, 16 ಯು23, 32 ಯು11, 64 ಯು24, 128 ಯು12. ಬೋರ್ಡ್ ಮೇಲೆ ಈ ಹೆಸರುಗಳು ಅಚ್ಚಾಗಿವೆ, ಸಾಲಾಗಿ ಎಣಿಸಲು ಹೋಗಬೇಡಿ, ಕ್ರಮ ವಿಚಿತ್ರವಾಗಿದೆ. ಕೊನೆಕೊನೆಯ ಮಾದರಿಗಳಲ್ಲಿ ಎಂಟರ ಬದಲು ಎರಡೇ ಚಿಪ್ ಇರುತ್ತವೆ. ನೀವು ಎಂಟು ಅಂದಿರುವುದರಿಂದ ಅದನ್ನು ಇಲ್ಲಿಗೆ ಬಿಡುತ್ತೇನೆ.

28523ರ ಆಚೆಗೂ ಹತ್ತಿಪ್ಪತ್ತು ವಿಳಾಸಗಳಲ್ಲಿ ಹೀಗೇ ನೋಡಿ. ಎಲ್ಲಿ ತಪ್ಪಿದರೂ ಅದೇ ಬಿಟ್ ಅಂದರೆ ಆ ಚಿಪ್ಪೇ ಕಳ್ಳ. ಒಂದು ಕಡೆ ಒಂದು ಬಿಟ್, ಇನ್ನೊಂದು ಕಡೆ ಮೂರು ಬಿಟ್ ತಪ್ಪುತ್ತಿದ್ದರೆ ಚಿಪ್‌ಗಳಿಗೆ ಕೈ ಹಾಕಬೇಡಿ. 4164ಗೆ ಇರುವುದು ಹದಿನಾರೇ ಕಾಲು, ಅದರಲ್ಲಿ ವಿಳಾಸಕ್ಕೆ ಎಂಟು. ಹದಿನಾರು ಬಿಟ್‌ನ ವಿಳಾಸವನ್ನು ಎರಡು ಕಂತಿನಲ್ಲಿ ಕೊಡಬೇಕು. ಆ ಕೆಲಸ ಮಾಡುವ 74ಎಲ್‌ಎಸ್257 ಚಿಪ್‌ಗಳು ಯು13 ಮತ್ತು ಯು25. ಅವು ಕೆಟ್ಟರೆ ಒಳ್ಳೆಯ ಮೆಮೊರಿಯೂ ಕೆಟ್ಟಂತೆ ಕಾಣುತ್ತದೆ.

ನನಗೆ ಇದು ತಿಳಿದದ್ದು ಪೆಟ್ಟು ತಿಂದ ಮೇಲೆ. ನನ್ನ ಮೊದಲ ರಿಪೇರಿಯಲ್ಲಿ ಎಂಟೂ ಚಿಪ್ ಕಿತ್ತೆ. ನಾಲ್ಕನೆಯದು ಬರಲಿಲ್ಲ ಅಂತ ಸ್ವಲ್ಪ ಜೋರಾಗಿ ಮೀಟಿದೆ, ತಾಮ್ರದ ಪ್ಯಾಡ್ ಕಾಲಿನ ಜೊತೆಗೇ ಎದ್ದು ಬಂತು. ಆಮೇಲೆ ನೋಡಿದರೆ ಕೆಟ್ಟದ್ದು ಒಂದೇ ಚಿಪ್, ಅದೂ ನಾಲ್ಕನೆಯದಲ್ಲ! ಚಿಪ್ ಬದಲಿಸಲು ಹಿಡಿದದ್ದು ಅರ್ಧ ಗಂಟೆ, ಆ ಪ್ಯಾಡ್‌ಗೆ ಸಣ್ಣ ತಂತಿ ಕಟ್ಟಿ ಸರಿಮಾಡಲು ಎರಡು ಸಂಜೆ.

ಹಾಗಾಗಿ ಈಗ ಹಳೆಯ ಚಿಪ್ ಉಳಿಸುವ ಆಸೆಯನ್ನೇ ಬಿಟ್ಟಿದ್ದೇನೆ. ಸಣ್ಣ ಕಟ್ಟರ್‌ನಿಂದ ಹದಿನಾರು ಕಾಲನ್ನೂ ಚಿಪ್‌ನ ಮೈ ಹತ್ತಿರವೇ ಕತ್ತರಿಸಿ ತೆಗೆಯುತ್ತೇನೆ. ಉಳಿದ ಕಾಲುಗಳಿಗೆ ಫ್ಲಕ್ಸ್ ಹಚ್ಚಿ, ಸ್ವಲ್ಪ ಹೊಸ ಸೋಲ್ಡರ್ ಕೊಟ್ಟು, ಕರಗಿದಾಗ ಚಿಮಟದಿಂದ ಒಂದೊಂದಾಗಿ ಎಳೆಯುತ್ತೇನೆ. ಆಮೇಲೆ ಪಂಪ್‌ನಿಂದ ತೂತು ಖಾಲಿ ಮಾಡುವುದು. ಗ್ರೌಂಡ್‌ನ ಕಾಲು ಬೇಗ ಕರಗುವುದಿಲ್ಲ, ಸುತ್ತಲಿನ ತಾಮ್ರ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಅಲ್ಲಿ ತಾಳ್ಮೆ ಬೇಕು, ಬಲ ಬೇಡ. ನೇರವಾಗಿ ಚಿಪ್ ಬೆಸೆಯದೆ ಹದಿನಾರು ಪಿನ್ನಿನ ಸಾಕೆಟ್ ಹಾಕಿ, ಮುಂದೆ ಮತ್ತೆ ಕೆಟ್ಟರೆ ಕಷ್ಟವಿಲ್ಲ.

ಹೊಸ ಚಿಪ್ 150 ನ್ಯಾನೊಸೆಕೆಂಡ್‌ನದ್ದಾದರೆ ಸಾಕು, ಇನ್ನೂ ವೇಗದ್ದಾದರೂ ತೊಂದರೆಯಿಲ್ಲ. ಕೂರಿಸುವಾಗ ಒಂದು ತುದಿಯಲ್ಲಿರುವ ಕಚ್ಚು ಹಳೆಯ ಚಿಪ್‌ನದ್ದು ಇದ್ದ ಕಡೆಗೇ ಇರಲಿ. 4164ರಲ್ಲಿ 5 ವೋಲ್ಟ್ ಬರುವುದು 8ನೇ ಕಾಲಿಗೆ, ಗ್ರೌಂಡ್ 16ಕ್ಕೆ. ಪಕ್ಕದ 74 ಸರಣಿಯ ಹದಿನಾರು ಕಾಲಿನ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ. ಅಭ್ಯಾಸಬಲದಿಂದ ಅಳೆದು ಗಾಬರಿಯಾಗಬೇಡಿ.

ಕೀಳದೆಯೇ ಒಳ್ಳೆಯ ಚಿಪ್ಪನ್ನು ಕೆಟ್ಟದ್ದರ ಬೆನ್ನ ಮೇಲೆ ಕೂರಿಸಿ ನೋಡುವ ಉಪಾಯವನ್ನೂ ಕೇಳಿದ್ದೀರಿ. ಪವರ್ ಆಫ್ ಮಾಡಿಯೇ ಕೂರಿಸಿ. ಕೆಳಗಿನ ಚಿಪ್ ಮೌನವಾಗಿದ್ದರೆ ಮೇಲಿನದ್ದು ಅದರ ಬದಲು ಮಾತಾಡುತ್ತದೆ, ಸಂಖ್ಯೆ ಸರಿಯಾಗುತ್ತದೆ. ಆದರೆ ಕೆಳಗಿನದ್ದು ಒಂದೇ ಸುಳ್ಳನ್ನು ಗಟ್ಟಿಯಾಗಿ ಹಿಡಿದಿದ್ದರೆ ಮೇಲಿನದ್ದರ ಮಾತು ನಡೆಯುವುದಿಲ್ಲ. ಅದಕ್ಕೆ, ಹೀಗೆ ಮಾಡಿಯೂ ಸರಿಯಾಗಲಿಲ್ಲ ಅಂದ ಮಾತ್ರಕ್ಕೆ ಆ ಚಿಪ್ಪನ್ನು ನಿರಪರಾಧಿ ಅನ್ನಬೇಡಿ. ನಾನು ಪೀಕ್ ಹೇಳಿದ್ದನ್ನೇ ನಂಬುತ್ತೇನೆ.

ಸಾಕೆಟ್ ಬೆಸೆದ ಮೇಲೆ ಅಕ್ಕಪಕ್ಕದ ಕಾಲುಗಳ ನಡುವೆ ಸೋಲ್ಡರ್ ಹರಿದಿಲ್ಲ ಅಂತ ಮೀಟರ್‌ನಲ್ಲಿ ನೋಡಿ, ಆಮೇಲೆ ಪವರ್ ಕೊಡಿ. 38911 ಬಂದರೂ ತಕ್ಷಣ ಮುಚ್ಚಳ ಹಾಕಬೇಡಿ. ಒಂದು ಗಂಟೆ ಹಾಗೇ ಓಡಲಿ, ಬಿಸಿಯಾದ ಮೇಲೆ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಗಲೂ ಅದೇ ಸಂಖ್ಯೆ ಬಂದರೆ ಸ್ಕ್ರೂ ಬಿಗಿಯಿರಿ.