ಹಳಗನ್ನಡ ಬಂದರೆ ತರಗತಿಯೇ ಮೌನ, ಏನು ಮಾಡಲಿ?

ಪ್ರಶ್ನೆ: ಕೋಲಾರ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೆಚ್ಚಿನ ಮಕ್ಕಳ ಮನೆಮಾತು ತೆಲುಗು. ಹಳಗನ್ನಡ ಪದ್ಯ ಬಂತೆಂದರೆ ಯಾರೂ ಬಾಯಿ ಬಿಡುವುದಿಲ್ಲ. ಗೈಡ್ ನೋಡಿ ಸಾರಾಂಶ ಉರು ಹೊಡೆಯುತ್ತಾರೆ. ಬೇರೆ ದಾರಿ ಇದೆಯೇ?
– ಒಬ್ಬ ಶಿಕ್ಷಕಿ

ಉತ್ತರ: ಇದೆ ಮೇಡಂ. ಮನೆಮಾತು ತೆಲುಗು ಅಂತ ಚಿಂತೆ ಬೇಡ. ಹಳಗನ್ನಡದ ಮಟ್ಟಿಗೆ ಅದರಿಂದ ಅನುಕೂಲವೇ ಜಾಸ್ತಿ. ಪಂಪ ಬರೆಯುತ್ತಿದ್ದ 941ರ ಹೊತ್ತಿಗೆ ಹಾಲು 'ಪಾಲ್', ಹುಲಿ 'ಪುಲಿ', ಹೂವು 'ಪೂ'. ಆಮೇಲೆ ಕನ್ನಡದಲ್ಲಿ ಈ 'ಪ' ಹೋಗಿ 'ಹ' ಬಂತು. ತೆಲುಗಿನಲ್ಲಿ ಇವತ್ತಿಗೂ ಪಾಲು, ಪುಲಿ, ಪುವ್ವು. ಬೇರೆ ಕಡೆಯ ಮಕ್ಕಳು ಪದಕೋಶ ತಿರುವಿ ಹಾಕುವಷ್ಟರಲ್ಲಿ ನಿಮ್ಮವರು ಉತ್ತರ ಹೇಳಿರುತ್ತಾರೆ. 'ಹಾಗಾದ್ರೆ ಹನುಮಂತ ಪನುಮಂತನಾ?' ಅಂತ ಯಾರಾದರೊಬ್ಬ ತರಲೆ ಕೇಳಿಯೇ ಕೇಳುತ್ತಾನೆ. ಕೇಳಲಿ. ಸಂಸ್ಕೃತದಿಂದ ರೂಪ ಬದಲಾಗದೆ ಬಂದ ಪದಗಳಿಗೆ ಈ ಲೆಕ್ಕ ಇಲ್ಲ ಅಂತ ಹೇಳಲು ಅದೇ ಒಳ್ಳೆ ಸಮಯ.

ಮಕ್ಕಳು ನಿಜವಾಗಿ ಎಡವುವುದು ಸಂಧಿಯಲ್ಲಿ. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯುವುದಿಲ್ಲ. 9ನೇ ಶತಮಾನದ ಕವಿರಾಜಮಾರ್ಗದ ಈ ತುಣುಕು ನೋಡಿ: 'ಕಾವೇರಿಯಿಂದಮಾ ಗೋದಾವರಿವರಮಿರ್ದ'. ಇದನ್ನು ಹಿಡಿದು ನಿಘಂಟು ತೆರೆದರೆ ಏನೂ ಸಿಗದು. 'ವರಮಿರ್ದ' ಅನ್ನುವ ಪದವೇ ಇಲ್ಲವಲ್ಲ! ಬೋರ್ಡಿನ ಮೇಲೆ ಬಿಡಿಸಿ ಬರೆಯಿರಿ: ಕಾವೇರಿಯಿಂದಂ, ಆ, ಗೋದಾವರಿವರಂ, ಇರ್ದ. 'ವರಂ' ಅಂದರೆ ನಮ್ಮ 'ವರೆಗೆ', 'ಇರ್ದ' ಅಂದರೆ 'ಇದ್ದ'. ಪದದ ಕೊನೆಯ ಸೊನ್ನೆಯ (ಂ) ಮುಂದೆ ಸ್ವರ ಬಂದರೆ ಸೊನ್ನೆ 'ಮ' ಆಗುತ್ತದೆ. ಇದೊಂದು ತಿಳಿದರೆ ಎಷ್ಟೋ ಸಾಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಾಗಾಗಿ ಮೊದಲು ನೀವೇ ಪದ ಬಿಡಿಸಿ, ನಿಲ್ಲಿಸಿ ನಿಲ್ಲಿಸಿ ಓದಿ. ಆಮೇಲೆ ಅವರಿಂದ ಗಟ್ಟಿಯಾಗಿ ಓದಿಸಿ. ಸಾರಾಂಶ ಕೊನೆಗಿರಲಿ. ಈಗ ಬಳಕೆಯಲ್ಲಿಲ್ಲದ ಱ, ೞ ಅಕ್ಷರಗಳ ಕಥೆ, ಲಘು-ಗುರು ಗುರುತು ಹಾಕುವ ಛಂದಸ್ಸಿನ ಪ್ರಸ್ತಾರ ಮೊದಲ ವಾರ ಬೇಡವೇ ಬೇಡ. ಪುರುಸೊತ್ತಿದ್ದರೆ ಪದ್ಯಕ್ಕೂ ಮುಂಚೆ ವಡ್ಡಾರಾಧನೆಯ ಅರ್ಧ ಪುಟ ಓದಿಸಿ. ಅದು ಗದ್ಯ, ಅದರಲ್ಲೂ ಕಥೆ. ಮಕ್ಕಳಿಗೆ ಮುಂದೇನಾಯಿತು ಅನ್ನುವ ಕುತೂಹಲವಾದರೂ ಇರುತ್ತದೆ.

ಇನ್ನು ಗೈಡ್ ವಿಷಯ. ಸುಮ್ನೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಪರೀಕ್ಷೆಯಲ್ಲಿ ಸಾರಾಂಶ ಕೇಳಿದರೆ ಅವರು ಸಾರಾಂಶವನ್ನೇ ಕಲಿಯುತ್ತಾರೆ, ಅಲ್ವಾ? ಕಿರುಪರೀಕ್ಷೆಯ ಪ್ರಶ್ನೆ ತೆಗೆಯುವವರು ನೀವೇ ಆದರೆ, ಪಾಠದಲ್ಲಿಲ್ಲದ ಎರಡು ಸಾಲು ಕೊಟ್ಟು ಪದ ಬಿಡಿಸಲು ಹೇಳಿ, ಅದಕ್ಕೇ ಅಂಕ ಇಡಿ. ಅರ್ಥ ತಪ್ಪು ಬರೆದರೂ ಅಂಕ ಕಳೆಯಬೇಡಿ.