ಎಡ ಟೆಂಪೊರಲ್ ಶಸ್ತ್ರಚಿಕಿತ್ಸೆಯ ನಂತರ ಹೆಸರುಗಳು ನೆನಪಾಗದಿರುವುದು

ಮೂರ್ಛೆರೋಗಕ್ಕಾಗಿ ಮೆದುಳಿನ ಎಡ ಟೆಂಪೊರಲ್ (ಕಿವಿಯ ಬದಿಯ) ಭಾಗದ ಶಸ್ತ್ರಚಿಕಿತ್ಸೆಯಾದ ಮೇಲೆ ನಿಮ್ಮ ತಮ್ಮನಿಗೆ ಮುಖದ ಗುರುತು ಸಿಕ್ಕರೂ ಹೆಸರು ಬಾಯಿಗೆ ಬರುತ್ತಿಲ್ಲವೆಂದು ಬರೆದಿದ್ದೀರಿ. ಹೆಚ್ಚಿನವರಲ್ಲಿ ಮಾತಿಗೆ ಸಂಬಂಧಿಸಿದ ನೆನಪನ್ನು ನೋಡಿಕೊಳ್ಳುವುದು ಎಡಭಾಗದ ಹಿಪ್ಪೊಕ್ಯಾಂಪಸ್ (ಟೆಂಪೊರಲ್ ಭಾಗದ ಒಳಗಿರುವ ರಚನೆ) ಮತ್ತು ಅದರ ಆಸುಪಾಸಿನ ಭಾಗ. ಅದನ್ನು ತೆಗೆದಿರುವುದೇ ಇದಕ್ಕೆ ಮುಖ್ಯ ಕಾರಣವಿರಬಹುದು. ಆದರೆ ಮಾತ್ರೆಯ ಪಾಲೂ ಇರಬಹುದು. ಮೂರ್ಛೆರೋಗದ ಮಾತ್ರೆಯಾದ ಟೊಪಿರಮೇಟ್ ತೆಗೆದುಕೊಳ್ಳುವವರು ಪದಕ್ಕಾಗಿ ತಡಕಾಡುವುದುಂಟು. ಯಾವುದರ ಪಾಲು ಎಷ್ಟೆಂದು ಪರೀಕ್ಷೆಯಿಲ್ಲದೆ ಹೇಳಲಾಗದು.

ಆದ್ದರಿಂದ ಮೊದಲು, ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿದ ನ್ಯೂರೋಸೈಕಾಲಜಿ ಪರೀಕ್ಷೆಯ (ನೆನಪು, ಮಾತು, ಗಮನಗಳನ್ನು ಅಳೆಯುವ ಪರೀಕ್ಷೆ) ವರದಿಯನ್ನು ಆಸ್ಪತ್ರೆಯಿಂದ ಪಡೆದು, ಈಗ ಆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ ಎರಡನ್ನೂ ಹೋಲಿಸುವಂತೆ ಕೇಳಿರಿ. ಅದಾದ ಮೇಲೆ ನರರೋಗ ತಜ್ಞರೊಡನೆ ಮಾತ್ರೆಗಳ ಪ್ರಮಾಣವನ್ನು ಚರ್ಚಿಸಿ, ನಿದ್ದೆಗೇಡು ಅಥವಾ ಮನಸ್ಸಿನ ಕುಗ್ಗುವಿಕೆ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿರಿ, ಏಕೆಂದರೆ ಇವೆರಡೂ ಮರೆವನ್ನು ಹೆಚ್ಚಿಸುತ್ತವೆ. ಅವರು ಹೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬಾರದು. ಫಿಟ್ಸ್ ಮರುಕಳಿಸುವ ಅಪಾಯವಿದೆ.

ನಮ್ಮ ಮನೆಯಲ್ಲಿ ನಿಜವಾಗಿ ನೆರವಾದದ್ದು ಫೋನಿನಲ್ಲಿ ಪ್ರತಿ ಹೆಸರಿನೊಂದಿಗೆ ಭಾವಚಿತ್ರವನ್ನೂ ‘ಕೆಳಗಿನ ಮನೆಯವರು’ ಎಂಬಂಥ ಗುರುತನ್ನೂ ಸೇರಿಸಿದ್ದು, ಮತ್ತು ವಾರದ ಏಳು ಖಾನೆಗಳ ಮಾತ್ರೆ ಡಬ್ಬಿ. ನಿಮ್ಮ ತಮ್ಮ ತಡವರಿಸಿದಾಗ ‘ಯಾರು ಹೇಳು ನೋಡೋಣ’ ಎಂದು ಕಾಡಿಸದೆ (ನೆಂಟರಿಗೆ ಇದೊಂದು ಚಟ) ಹೆಸರಿನ ಮೊದಲಕ್ಷರವನ್ನು ಹೇಳಿಕೊಡಿ. ಗೊಂದಲ ದಿನೇದಿನೇ ಹೆಚ್ಚಿದರೆ, ಅಥವಾ ತೀವ್ರ ತಲೆನೋವು, ವಾಂತಿ ಕಾಣಿಸಿಕೊಂಡರೆ, ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.